ಹಗ್ಗ ಹಿಡಿಯುವ ಕೈ

ಬಸವನಗುಡಿ, ಮಲ್ಲೇಶ್ವರಗಳ ತರುಣ ತರುಣಿಯರು ರಾಮನಗರದ ಬಂಡೆಗಳನ್ನೇರಲು ಹೊರಡುವುದು ಈಗ ಅಪೂರ್ವವಲ್ಲ. ಏರುವವರ ಪ್ರಾಣವು ಕೆಳಗೆ ನಿಂತು ಹಗ್ಗ ಹಿಡಿದವರ ಕೈಯಲ್ಲಿರುವುದು. ಆ ಕೈಗೆ ನೆರವಾಗಲೆಂದು ಫ್ರಾನ್ಸಿನ ಪೆಟ್ಜಲ್ ಸಂಸ್ಥೆಯವರು 1991ರಲ್ಲಿ ‘ಗ್ರಿಗ್ರಿ’ ಎಂಬ ಸಾಧನವನ್ನು ಹೊರತಂದರು. ಏರುವವರು ಜಾರಿ ಹಗ್ಗವು ಥಟ್ಟನೆ ಸೆಳೆದೊಡನೆ ಅದರೊಳಗಿನ ಚಕ್ರವು ಹೊರಳಿ ಹಗ್ಗವನ್ನು ಅದುಮಿ ಹಿಡಿಯುವುದು.

ಮಕ್ಕಳಿಗೆ ಇಂತಹುದನ್ನು ಕೊಡಿಸುವ ಗೃಹಸ್ಥರು ಮೊದಲು ಹಗ್ಗದ ದಪ್ಪವನ್ನು ವಿಚಾರಿಸತಕ್ಕದ್ದು. 2019ರ ಗ್ರಿಗ್ರಿಗೆ ಒಪ್ಪುವುದು 8.5ರಿಂದ 11 ಮಿಲಿಮೀಟರಿನ ಹಗ್ಗ ಮಾತ್ರ. ಹಗ್ಗವನ್ನು ತಿರುವುಮುರುವಾಗಿ ಪೋಣಿಸಿದರೆ ಸಾಧನವು ಹಿಡಿಯದು. ಆದುದರಿಂದ ಪ್ರತಿಸಲವೂ ಏರುವ ಮುನ್ನ ಎಳೆದು ನೋಡಬೇಕು. ಎಲ್ಲಕ್ಕೂ ಮಿಗಿಲಾಗಿ, ಸಾಧನದಿಂದ ಈಚೆಗಿಳಿದ ಹಗ್ಗವನ್ನು ಹಿಡಿದ ಕೈ ಕ್ಷಣಮಾತ್ರವೂ ಸಡಿಲಬಾರದು. ಯಂತ್ರವು ಕೈಗೆ ಜೊತೆಯೇ ಹೊರತು ಕೈಗೆ ಬದಲಲ್ಲ.