ಗೆದ್ದವರ ಮನೆ ಸೇರದ ಬೆಳ್ಳಿ

ಗೆದ್ದ ಕಪ್ಪನ್ನು ಮನೆಗೆ ಕೊಂಡೊಯ್ದು ಶೋಕೇಸಿನಲ್ಲಿ ಇಡುವುದು ವಾಡಿಕೆ. ಅಮೆರಿಕದ ಪ್ರೀಕ್‌ನೆಸ್ ಕುದುರೆ ರೇಸಿನಲ್ಲಿ ಹಾಗಿಲ್ಲ. ಅಲ್ಲಿನ ‘ವುಡ್‌ಲಾನ್ ವಾಸ್’ ಎಂಬ ಬೆಳ್ಳಿ ಹೂದಾನಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬಹುದು, ಅಷ್ಟೇ. ಮನೆಗೆ ಹೋಗುವುದು ಅದರ ಚಿಕ್ಕ ಪ್ರತಿಕೃತಿ.

1860ರಲ್ಲಿ ಕೆಂಟಕಿಯ ಲೂಯಿವಿಲ್‌ನ ವುಡ್‌ಲಾನ್ ರೇಸ್ ಸಂಘಕ್ಕಾಗಿ ಇದನ್ನು ಮಾಡಿದ್ದು ಟಿಫನಿ ಕಂಪನಿ. 34 ಅಂಗುಲ ಎತ್ತರ, 13 ಕಿಲೊ ಆಸುಪಾಸಿನ ತೂಕ. ಬುಡದ ಸುತ್ತ ಲಾಳ, ಜೀನು, ಚಾಟಿ, ಜಾಕಿಯ ಟೋಪಿ. ನೆತ್ತಿಯ ಮೇಲೆ ಲೆಕ್ಸಿಂಗ್ಟನ್ ಎಂಬ ಕುದುರೆ. ಕಣ್ಣು ಮಂಜಾಗಿ ಓಟ ಬಿಟ್ಟ ಈ ಕುದುರೆಯನ್ನು 15,000 ಡಾಲರ್ ಕೊಟ್ಟು ಕೊಂಡಿದ್ದ ಅಲೆಕ್ಸಾಂಡರ್ ಅವರೇ ಹೂದಾನಿಯನ್ನೂ ಮಾಡಿಸಿದವರು. ಲೆಕ್ಸಿಂಗ್ಟನ್‌ನ ಮರಿಗಳು ಮುಂದೆ ಅಮೆರಿಕದ ರೇಸುಗಳನ್ನೆಲ್ಲ ಆಳಿದವು.

1861ರಲ್ಲಿ ಹೂದಾನಿಯನ್ನು ಮೊದಲು ಗೆದ್ದದ್ದು ಮಾಲಿ ಜಾಕ್ಸನ್ ಎಂಬ ಹೆಣ್ಣುಕುದುರೆ. ಅಷ್ಟರಲ್ಲಿ ಅಂತರ್ಯುದ್ಧ ಶುರುವಾಗಿತ್ತು. ಬೆಳ್ಳಿ ಸೈನಿಕರ ಕೈಗೆ ಸಿಕ್ಕರೆ ಕರಗಿ ಗುಂಡಾದೀತೆಂದು ಅದನ್ನು ವುಡ್‌ಲಾನ್‌ನಲ್ಲೇ ನೆಲದಲ್ಲಿ ಹೂಳಿದರು. ನಮ್ಮ ಹಿರಿಯರು ಹಿತ್ತಲಲ್ಲಿ ಕೊಪ್ಪರಿಗೆ ಹೂಳಿದ ಕತೆಯಂತೆಯೇ ಇದೂ. ಯುದ್ಧದ ಕೊನೆಯಲ್ಲಿ, ದಾಳಿಕೋರರಿಗೆ ಹೆದರಿ, ಕುರುಡು ಲೆಕ್ಸಿಂಗ್ಟನ್‌ನನ್ನೂ ಇಲಿನಾಯ್‌ಗೆ ಸಾಗಿಸಬೇಕಾಯಿತು. ಬೆಳ್ಳಿಯ ಕುದುರೆ ಮಣ್ಣಿನಡಿ, ಜೀವಂತ ಕುದುರೆ ಪರವೂರಲ್ಲಿ!

ಯುದ್ಧ ಮುಗಿದ ಮೇಲೆ ಮಣ್ಣಿನಿಂದೆದ್ದ ಹೂದಾನಿ ಒಬ್ಬರಿಂದೊಬ್ಬರಿಗೆ ದಾಟುತ್ತ ನ್ಯೂಯಾರ್ಕಿನ ರೇಸುಗಳನ್ನೂ ಕಂಡಿತು. ಅದನ್ನು ಗೆದ್ದಿದ್ದ ಥಾಮಸ್ ಕ್ಲೈಡ್ 1917ರಲ್ಲಿ ಪ್ರೀಕ್‌ನೆಸ್ ನಡೆಸುತ್ತಿದ್ದ ಮೇರಿಲ್ಯಾಂಡ್ ಜಾಕಿ ಕ್ಲಬ್ಬಿಗೆ ಕೊಟ್ಟರು; ಹಾಗೆ ಅದು ಆ ರೇಸಿನ ಬಹುಮಾನವಾಯಿತು. ಆಮೇಲೆ ಗೆದ್ದವರು ವರ್ಷದ ಮಟ್ಟಿಗೆ ಅದನ್ನು ಮನೆಯಲ್ಲಿಟ್ಟುಕೊಳ್ಳುತ್ತಿದ್ದರು.

1953ರಲ್ಲಿ ನೇಟಿವ್ ಡ್ಯಾನ್ಸರ್ ಎಂಬ ಬೂದುಕುದುರೆ ಗೆದ್ದಾಗ ಆ ಪದ್ಧತಿಗೆ ತೆರೆಬಿತ್ತು. ಒಡೆಯ ವ್ಯಾಂಡರ್‌ಬಿಲ್ಟ್ ಸಿರಿವಂತ ಮನೆತನದವರು, ಬೆಳ್ಳಿ ಅವರಿಗೆ ಹೊಸತಲ್ಲ. ಆದರೂ ಇದರ ಜವಾಬ್ದಾರಿ ತಮಗೆ ಬೇಡವೆಂದರು ಅವರ ಮಡದಿ. ಅಂದಿನಿಂದ ಬಾಲ್ಟಿಮೋರ್ ಕಲಾ ಮ್ಯೂಸಿಯಂ ಅದರ ಮನೆ. 1983ರಲ್ಲಿ ಕಟ್ಟಿದ ಬೆಲೆ 10 ಲಕ್ಷ ಡಾಲರ್.

ವರ್ಷಕ್ಕೊಮ್ಮೆ, ರೇಸಿನ ದಿನ, ಹೂದಾನಿ ಮ್ಯೂಸಿಯಂನಿಂದ ಹೊರಬರುತ್ತದೆ. ಒಂದು ಕಾಲಕ್ಕೆ ಸೈನಿಕರ ಕಣ್ಣು ತಪ್ಪಿಸಲು ಹೂತಿಟ್ಟಿದ್ದ ಬೆಳ್ಳಿ ಅದು. ಈಗ ಅದರ ಅಕ್ಕಪಕ್ಕ ಕಾವಲಾಗಿ ನಡೆಯುವವರು ನ್ಯಾಷನಲ್ ಗಾರ್ಡ್‌ನ ಸೈನಿಕರು.