ವೋಲ್ಟೇಜ್ ಕುಸಿತದಿಂದ ಪಂಪುಸೆಟ್ ರಕ್ಷಣೆ

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿ ಹಾಗೂ ನೆರೆಯ ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ಕೊಳವೆಬಾವಿಯೇ ನೀರಾವರಿಗೆ ಮುಖ್ಯ ಆಧಾರ. ಬೇಸಿಗೆ ಕಡಲೆಕಾಯಿ ಹೂ ಬಿಟ್ಟು ಊಡು ಇಳಿಯುವ ಸಮಯದಲ್ಲಿ ಮೋಟಾರು ಸುಟ್ಟರೆ, ಪೈಪು ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವುದರೊಳಗೆ ಬೆಳೆ ಬಾಡಿರುತ್ತದೆ. ಮೋಟಾರು ಸುಡಲು ವೋಲ್ಟೇಜ್ ಕುಸಿತ ಒಂದು ಮುಖ್ಯ ಕಾರಣ.

ವೋಲ್ಟೇಜ್ ಏಕೆ ಇಳಿಯುತ್ತದೆ?

ಮೂರು ಫೇಸಿನ ಪೂರೈಕೆಯ ಗೊತ್ತಾದ ಮಟ್ಟ 415 ವೋಲ್ಟ್. ಕಾಲುವೆಯ ಮೇಲ್ಭಾಗದವರೆಲ್ಲ ಒಟ್ಟಿಗೆ ತೂಬು ತೆರೆದರೆ ಕೊನೆಯ ಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ. ವಿದ್ಯುತ್ ತಂತಿಯಲ್ಲೂ ಹಾಗೆಯೇ. ಟಿ.ಸಿ.ಯಿಂದ ದೂರ ಹೋದಂತೆ ಮತ್ತು ಭಾರ ಹೆಚ್ಚಿದಂತೆ ವೋಲ್ಟೇಜ್ ಇಳಿಯುತ್ತದೆ. ಮೋಟಾರು ಚಾಲೂ ಆಗುವಾಗ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ವಿದ್ಯುತ್ ಬಂದ ಕ್ಷಣವೇ ಎಲ್ಲ ಆಟೋ ಸ್ಟಾರ್ಟರುಗಳೂ ಪಂಪು ಹಾಕಿದರೆ ಕುಸಿತ ತೀವ್ರವಾಗುತ್ತದೆ.

ಮೋಟಾರಿಗೆ ಆಗುವುದೇನು?

ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 415 ಇದ್ದ ವೋಲ್ಟೇಜ್ 332ಕ್ಕೆ, ಅಂದರೆ ಶೇ. 80ಕ್ಕೆ ಇಳಿದರೆ, ತಿರುಗುಬಲ ಶೇ. 64 ಮಾತ್ರ ಉಳಿಯುತ್ತದೆ. ಎತ್ತಬೇಕಾದ ನೀರು ಅಷ್ಟೇ ಇರುವುದರಿಂದ ಮೋಟಾರು ಸುಮಾರು ಕಾಲು ಭಾಗ ಹೆಚ್ಚು ಕರೆಂಟ್ ಎಳೆಯುತ್ತದೆ. ವೈಂಡಿಂಗಿನಲ್ಲಿ ಹುಟ್ಟುವ ಶಾಖ ಒಂದೂವರೆ ಪಟ್ಟಾಗುತ್ತದೆ.

ಇದು ನಮ್ಮ ಲೈನಿನ ಮಾತು. ಇಡೀ ಜಾಲಕ್ಕೂ ಸಮತೋಲ ಬೇಕು. ಉತ್ಪಾದನೆ, ಬಳಕೆ ಸರಿದೂಗಿದರೆ ಆವರ್ತನ ಸೆಕೆಂಡಿಗೆ 50ರಲ್ಲಿ ನಿಲ್ಲುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿದ್ದರು. ಆಗ ಪ್ರತ್ಯೇಕವಾಗಿದ್ದ ದಕ್ಷಿಣದ ಜಾಲ, 2013ರ ಡಿಸೆಂಬರಿನಲ್ಲಿ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದೇಶದ ಜಾಲಕ್ಕೆ ಸೇರಿತು. ಪಾವಗಡದ ತಿರುಮಣಿ ಬಳಿಯ 2,050 ಮೆಗಾವಾಟ್ ಸೌರ ಪಾರ್ಕಿನ ವಿದ್ಯುತ್ತೂ ಈ ಜಾಲಕ್ಕೇ ಹೋಗುತ್ತದೆ; ಮೋಡ ಕವಿದರೆ ಉತ್ಪಾದನೆ ಇಳಿಯುವುದರಿಂದ ಸಮತೋಲದ ಕೆಲಸ ಇನ್ನೂ ಸೂಕ್ಷ್ಮ. ಆದರೆ ಸೌರ ಪಾರ್ಕು ಹತ್ತಿರವಿದೆ ಎಂದ ಮಾತ್ರಕ್ಕೆ ಲೈನಿನ ಕೊನೆಯ ಪಂಪಿಗೆ ವೋಲ್ಟೇಜ್ ಏರುವುದಿಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

1. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ವೋಲ್ಟ್‌ಮೀಟರ್ ಇರಲಿ. ಮೋಟಾರಿನ ಫಲಕದಲ್ಲಿ ನಮೂದಿಸಿದ ಮಿತಿಗಿಂತ ಕಡಿಮೆ ಇದ್ದರೆ ಪಂಪು ಹಾಕಬಾರದು.

2. ಸರಿಯಾದ ಕೆಪಾಸಿಟರ್ ಅಳವಡಿಸಿರಿ: 3 ಅಶ್ವಶಕ್ತಿಗೆ 1, 5ಕ್ಕೆ 2, 7.5ಕ್ಕೆ 3, 10ಕ್ಕೆ 4 ಕೆ.ವಿ.ಎ.ಆರ್. ಮೋಟಾರಿಗೆ ಕಾಂತಬಲ ಹುಟ್ಟಿಸಲು ಬೇಕಾದ ಕರೆಂಟನ್ನು ಇದು ಸ್ಥಳದಲ್ಲೇ ಒದಗಿಸುವುದರಿಂದ ಲೈನಿನ ಹೊರೆ ತಗ್ಗುತ್ತದೆ. ಅನುಭವಸ್ಥರಿಂದಲೇ ಕೂಡಿಸಿರಿ; ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ.

3. ಓವರ್‌ಲೋಡ್ ರಿಲೇಯನ್ನು ಮೋಟಾರಿನ ಕರೆಂಟಿಗೆ ಹೊಂದಿಸಿರಿ. ಅದು ಪದೇ ಪದೇ ಬಿದ್ದರೆ ಕಟ್ಟಿಹಾಕಬೇಡಿರಿ, ಕಾರಣ ಹುಡುಕಿರಿ. ಒಂದು ಫೇಸ್ ಹೋದಾಗ ಮೋಟಾರು ನಿಲ್ಲಿಸುವ ಸಾಧನವೂ ಅಗತ್ಯ.

4. ಎರಡೇ ಫೇಸಿನಲ್ಲಿ ಕನ್ವರ್ಟರ್ ಹಾಕಿ ಪಂಪು ಓಡಿಸಬೇಡಿರಿ. ಟಿ.ಸಿ.ಯ ಭಾರ ಏರುಪೇರಾಗಿ ಎಲ್ಲರಿಗೂ ಹಾನಿ.

5. ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡಿರಿ. ಟಿ.ಸಿ. ದುರಸ್ತಿಗೆ ನೀವೇ ಕಂಬ ಹತ್ತದೆ ಲೈನ್‌ಮನ್‌ಗೆ ತಿಳಿಸಿರಿ.

ಒಂದು ಟಿ.ಸಿ.ಯ ರೈತರೆಲ್ಲ ಕೂತು ಸರದಿ ಗೊತ್ತುಮಾಡಿಕೊಂಡು, ಆಟೋ ಸ್ಟಾರ್ಟರ್ ಇರುವವರು ಒಬ್ಬರ ನಂತರ ಒಬ್ಬರಂತೆ ಕೆಲವು ನಿಮಿಷ ಅಂತರವಿಟ್ಟರೆ ಖರ್ಚಿಲ್ಲದೆ ವೋಲ್ಟೇಜ್ ಸುಧಾರಿಸುತ್ತದೆ. ಒಬ್ಬರು ಕೆಪಾಸಿಟರ್ ಹಾಕಿದರೆ ಸಾಲದು. ಎಲ್ಲರೂ ಹಾಕಿದಾಗಲೇ ಕೊನೆಯ ಹೊಲದ ಪಂಪು ಉಳಿಯುತ್ತದೆ.