ಕಂಪೈಲರ್ ವಾರ್ನಿಂಗ್‌ನ ಬಾಯಿ ಮುಚ್ಚಿಸಿದರೆ ತಪ್ಪು ಸರಿಹೋಗುತ್ತದೆಯೇ?

“ಪ್ರೋಗ್ರಾಂ ಓಡುತ್ತಿದೆಯಲ್ಲ, ವಾರ್ನಿಂಗ್ ಬಂದರೆ ಬರಲಿ ಬಿಡಿ.” ಸಾಫ್ಟ್‌ವೇರ್ ಬರೆಯುವವರಲ್ಲಿ ಹಲವರ ನಂಬಿಕೆ ಇದು. ಇದೆಷ್ಟು ನಿಜ? ನೋಡೋಣ ಬನ್ನಿ.

ನಮ್ಮ ಆಂಡ್ರಾಯ್ಡ್ ಫೋನಿನ ಬುಡದಲ್ಲಿರುವುದು ಲಿನಕ್ಸ್ ಕರ್ನಲ್. ಅದರ ಬಹುಪಾಲು ಬರೆದಿರುವುದು 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವುದು ಕಂಪೈಲರ್‌ನ ಕೆಲಸ. ವ್ಯಾಕರಣ ತಪ್ಪಿದರೆ ಅದು ‘ಎರರ್’ ಎಂದು ನಿಂತುಬಿಡುತ್ತದೆ. ವ್ಯಾಕರಣ ಸರಿಯಿದ್ದೂ ಏನೋ ಅನುಮಾನ ಬಂದರೆ ‘ವಾರ್ನಿಂಗ್’ ಕೊಟ್ಟು ಮುಂದೆ ಹೋಗುತ್ತದೆ.

ಹಳೆಯ ಸಿ ಪ್ರೋಗ್ರಾಂಗಳ ತೊಂದರೆ ಏನು?

ಬೇರೊಂದು ಫೈಲಿನಲ್ಲಿರುವ ಫಂಕ್ಷನ್ನನ್ನು ಮೊದಲೇ ಪರಿಚಯಿಸದೆ ಕರೆದರೆ, ಅದು ಪೂರ್ಣಾಂಕವನ್ನೇ ಮರಳಿಸುತ್ತದೆ ಎಂದು ಹಳೆಯ ಸಿ ಊಹಿಸಿಕೊಳ್ಳುತ್ತಿತ್ತು. ಆ ಫಂಕ್ಷನ್ ನಿಜಕ್ಕೂ ಮರಳಿಸುವುದು ಮೆಮೊರಿಯ ವಿಳಾಸವಾದರೆ? 32 ಬಿಟ್ ಯಂತ್ರಗಳಲ್ಲಿ ಎರಡರ ಅಳತೆಯೂ ಒಂದೇ ಇದ್ದುದರಿಂದ ಸಾಮಾನ್ಯವಾಗಿ ತೊಂದರೆ ಕಾಣುತ್ತಿರಲಿಲ್ಲ. 64 ಬಿಟ್ ಯಂತ್ರದಲ್ಲಿ ವಿಳಾಸ 64 ಬಿಟ್, ಪೂರ್ಣಾಂಕ ಸಾಮಾನ್ಯವಾಗಿ 32 ಬಿಟ್. ಹಾಗಾಗಿ ಅರ್ಧ ವಿಳಾಸ ಕತ್ತರಿಸಿಹೋಗುತ್ತದೆ. ಹತ್ತಂಕಿಯ ಮೊಬೈಲ್ ನಂಬರಿನಲ್ಲಿ ಕೊನೆಯ ಐದನ್ನಷ್ಟೇ ಬರೆದುಕೊಂಡಂತೆ!

‘ಇದು ವಿಳಾಸವೇ’ ಎಂದು ಕಾಸ್ಟ್ ಹಾಕಿ ವಾರ್ನಿಂಗ್ ಅಡಗಿಸಲು ಹೊರಟರೂ ಕಳೆದುಹೋದ ಅರ್ಧ ಮರಳಿ ಬರುವುದಿಲ್ಲ. ಸರಿಯಾದ ಹೆಡರ್ ಫೈಲ್ ಸೇರಿಸಿ, ಫಂಕ್ಷನ್ ಏನು ಮರಳಿಸುತ್ತದೆ ಎಂದು ಕಂಪೈಲರ್‌ಗೆ ತಿಳಿಸುವುದೇ ನಿಜವಾದ ಪರಿಹಾರ. 1999ರ ಸಿ ಮಾನಕ ಈ ಊಹೆಯನ್ನು ಕೈಬಿಟ್ಟಿತು. ಆದರೂ ವಾರ್ನಿಂಗ್ ಆಗಿಯೇ ಉಳಿದಿದ್ದ ಇದನ್ನು 2024ರ ಜಿಸಿಸಿ 14 ಎರರ್ ಆಗಿ ಬದಲಿಸಿತು.

ಎಚ್ಚರಿಕೆ ನಿಂತಿತು, ಬೀಗ ಸಡಿಲವಾಯಿತು

ಅರ್ಥವಾಗದೆ ಎಚ್ಚರಿಕೆಯನ್ನು ‘ಸರಿಪಡಿಸುವುದು’ ಇನ್ನೂ ಅಪಾಯ. 2006ರಲ್ಲಿ ಡೆಬಿಯನ್ ಲಿನಕ್ಸ್‌ನಲ್ಲಿದ್ದ ಓಪನ್‌ಎಸ್‌ಎಸ್‌ಎಲ್ ಬಗ್ಗೆ ವಾಲ್‌ಗ್ರಿಂಡ್ ಎಂಬ ತಪಾಸಣಾ ಸಾಧನ (ಇದು ಕಂಪೈಲರ್ ಅಲ್ಲ, ಆದರೆ ಎಚ್ಚರಿಸುವ ಕೆಲಸ ಅದೇ) ‘ಬೆಲೆ ತುಂಬದ ಮೆಮೊರಿ ಬಳಸುತ್ತಿದ್ದೀರಿ’ ಎಂದಿತು. ಎಚ್ಚರಿಕೆ ನಿಲ್ಲಿಸಲು ಎರಡು ಸಾಲುಗಳನ್ನು ತೆಗೆಯಲಾಯಿತು. ಆದರೆ ಗುಪ್ತ ಕೀಲಿಗಳನ್ನು ಊಹಿಸಲಾಗದಂತೆ ಮಾಡುವ ಯಾದೃಚ್ಛಿಕ ಮಾಹಿತಿಯನ್ನು ಬೆರೆಸುತ್ತಿದ್ದುದು ಅದರಲ್ಲೇ ಒಂದು ಸಾಲು! ಕೊನೆಗೆ ಉಳಿದದ್ದು ಪ್ರೊಸೆಸ್ ಸಂಖ್ಯೆಯಷ್ಟೇ. ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿಗೆ ಸುಮಾರು 32 ಸಾವಿರ ಸಾಧ್ಯತೆಗಳು. ಅಷ್ಟನ್ನೂ ಪ್ರಯತ್ನಿಸಿ ನೋಡುವುದು ಕಂಪ್ಯೂಟರಿಗೆ ಸುಲಭದ ಕೆಲಸ. 2008ರ ಮೇ ತಿಂಗಳಲ್ಲಿ ವಿಷಯ ಹೊರಬಿದ್ದಾಗ ಡೆಬಿಯನ್, ಉಬುಂಟು ಬಳಕೆದಾರರು ಹಳೆಯ ಕೀಲಿಗಳನ್ನು ಬಿಸಾಡಿ ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ಹಾಗಾದರೆ ನಿಜ ಏನು?

ಪ್ರತಿ ವಾರ್ನಿಂಗ್ ಹಿಂದೆಯೂ ತಪ್ಪು ಇರಲೇಬೇಕೆಂದಿಲ್ಲ. ಆದರೆ ಸಾವಿರ ವಾರ್ನಿಂಗ್ ಹಾಗೇ ಬಿಟ್ಟರೆ ನಿಜವಾದ ಒಂದು ತಪ್ಪು ಅವುಗಳ ನಡುವೆ ಅಡಗಿಬಿಡುತ್ತದೆ. ಒಂದೊಂದನ್ನೂ ‘ಏಕೆ ಬಂತು’ ಎಂದು ತಿಳಿದು, ಬದಲಿಸಿದ ಮೇಲೆ ಪರೀಕ್ಷಿಸಿ ಸರಿಪಡಿಸಬೇಕು.

ನಾವು ಬಳಕೆದಾರರು ಮಾಡಬೇಕಾದದ್ದು ಇಷ್ಟೇ: ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬಂದಾಗ ‘ಆಮೇಲೆ’ ಎಂದು ಮುಂದೂಡಬೇಡಿ. ಇಂತಹ ಹಳೆಯ ಸಾಲುಗಳ ದುರಸ್ತಿ ನಮ್ಮ ಕೈಗೆ ತಲುಪುವುದು ಅದರ ಮೂಲಕವೇ.